ಬಿದ್ದವಳಿಗೆ ಆಳಿಗೊಂದು ಕಲ್ಲು

ನಮ್ಮ ಶಾಲೆಯ ವರಾಂಡದಿಂದ ಎಂಟನೆಯ ವರ್ಗದ ಕೋಣೆಗೆ ಹೋಗಲು ಇರುವುದು ಒಂದೇ ಒಂದು ಮೆಟ್ಟಿಲು. ಹನ್ನೊಂದು ವರ್ಷ ದಿನಕ್ಕೆ ನಾಲ್ಕಾರು ಸಲ ಅದನ್ನು ಹತ್ತಿ ಇಳಿದವಳು ನಾನು. 2022ರ ಜುಲೈ ತಿಂಗಳ ಒಂದು ದಿನ ಮೊದಲನೆಯ ತಾಸಿಗೆ ಹೋಗುವಾಗ ಅದೇ ಮೆಟ್ಟಿಲಿಗೆ ಬಲಗಾಲಿನ ಬೆರಳು ತಾಗಿತು. ಹಾಜರಿ ಪುಸ್ತಕ, ಖಡುವಿನ ಡಬ್ಬಿ, ಕನ್ನಡಕ ಒಂದೊಂದು ದಿಕ್ಕಿಗೆ ಹಾರಿದವು. ನಾನು ಮಕ್ಕಳೆದುರು ಬೋರಲಾಗಿ ಬಿದ್ದೆ.

ಮಕ್ಕಳು ನಗಲಿಲ್ಲ. ಅದನ್ನು ಮೊದಲು ಹೇಳಬೇಕು. ಮುಂದಿನ ಸಾಲಿನ ಇಬ್ಬರು ಹುಡುಗಿಯರು ಓಡಿ ಬಂದು ಎಬ್ಬಿಸಿದರು. ಒಬ್ಬಳು ನೀರು ತಂದಳು, ಇನ್ನೊಬ್ಬಳು ಸೀರೆಯ ಮಣ್ಣು ಕೊಡವಿ, "ಭಾಳ ಪೆಟ್ಟು ಹತ್ತೇತೇನ್ರಿ ಅಕ್ಕೋರ?" ಎಂದು ಕೇಳಿದಳು. ಅಂದು ನನಗೆ ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದು ಆ ಹುಡುಗಿ ಒಬ್ಬಳೇ.

ಆಮೇಲೆ ದೊಡ್ಡವರ ಸರದಿ ಬಂತು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ನೋಡಿ ನಡೀಬಾರದೇನ್ರಿ, ಲಕ್ಷ್ಯ ಎಲ್ಲಿತ್ತು?" ಎಂದರು. ಇನ್ನೊಬ್ಬ ಹಿರಿಯರು, "ವಯಸ್ಸಾತ್ರಿ ಅಕ್ಕೋರ, ಸ್ವಯಂ ನಿವೃತ್ತಿ ವಿಚಾರ ಮಾಡ್ರಿ" ಎಂದರು. ಆಗ ನನಗೆ ಐವತ್ತೆರಡು. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯವರು, "ಶನಿ ಕಾಟ ಇರಬೇಕು, ಶನಿವಾರ ಎಳ್ಳೆಣ್ಣಿ ದೀಪ ಹಚ್ರಿ" ಎಂದರು. ರಾತ್ರಿ ನಮ್ಮ ಯಜಮಾನರು ಬಹಳ ಪ್ರೀತಿಯಿಂದಲೇ, "ಇನ್ನ ಮ್ಯಾಲೆ ಕುಂತಲ್ಲೇ ಕುಂದ್ರು, ಅಡ್ಡಾಡಬ್ಯಾಡ" ಎಂದರು.

"ಕೆಟ್ಟು ಬಿದ್ದವನಿಗೆ ಆಳಿಗೊಂದು ಕಲ್ಲು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರತಿ ವರ್ಷ ಮಕ್ಕಳಿಗೆ ಕೊಡುತ್ತ ಬಂದವಳು ನಾನು. ಅದರ ಅರ್ಥ ನನಗೇ ಪೂರ್ತಿ ತಿಳಿದದ್ದು ಅಂದು. ಬೆಳಗಿನಿಂದ ರಾತ್ರಿಯೊಳಗೆ ನಾಲ್ಕು ಕಲ್ಲು ಬಿದ್ದಿದ್ದವು: ಲಕ್ಷ್ಯವಿಲ್ಲ, ವಯಸ್ಸಾಯಿತು, ಗ್ರಹಚಾರ, ಕುಳಿತುಕೋ. ಈ ನಾಲ್ಕೂ ಕಲ್ಲುಗಳನ್ನು ಎತ್ತಿ ಒಂದೊಂದಾಗಿ ಅವು ಬಂದ ದಿಕ್ಕಿಗೇ ತಿರುಗಿ ಎಸೆಯಬೇಕೆಂದು ಈ ಬರಹಕ್ಕೆ ಕುಳಿತಿದ್ದೇನೆ. ಐದನೆಯದೊಂದು ಕಲ್ಲಿದೆ. ಅದು ನನ್ನ ಕೈಯಿಂದಲೇ ಹೋದದ್ದು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನನ್ನ ತವರೂರು ಲಕ್ಕಲಕಟ್ಟಿ. ಈಗ ಅದು ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನಲ್ಲಿದೆ. ನಾನು ಅಲ್ಲಿ ಬೆಳೆಯುವಾಗ ಧಾರವಾಡ ಜಿಲ್ಲೆ, ರೋಣ ತಾಲೂಕು ಎಂದು ಬರೆಯುತ್ತಿದ್ದೆವು. ನಮ್ಮದು ಕಲ್ಲುಮಣ್ಣಿನ ಮಾಳಿಗೆ ಮನೆ. ತಲಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅಲ್ಲಿಂದ ಮೊಣಕಾಲೆತ್ತರ ಹತ್ತಿದರೆ ಪಡಸಾಲೆ, ಪಡಸಾಲೆಯಿಂದ ಅಡಿಗೆಮನೆಗೆ ಒಂದು ಹೊಸ್ತಿಲು, ಅಲ್ಲಿಂದ ಬಚ್ಚಲಿಗೆ ಇನ್ನೊಂದು. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ತಲೆ ಬಗ್ಗಿಸಿದರೆ ಕಾಲು ಕಾಣದು, ಕಾಲು ನೋಡಿಕೊಂಡರೆ ತಲೆಗೆ ಏಟು. ಗಟ್ಟಿಮುಟ್ಟಾಗಿದ್ದಾಗ ಇದು ಯಾರಿಗೂ ತೋಚುವುದಿಲ್ಲ.

ನನ್ನ ಅವ್ವನಿಗೆ ಮೊದಲು ಕೈಬೆರಳ ಗೆಣ್ಣುಗಳು ಬಾತವು, ಆಮೇಲೆ ಪಾದ, ಆಮೇಲೆ ಮೊಣಕಾಲು. ಬೆಳಗಿನ ಹೊತ್ತು ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿಯಲಾಗದ ಹೆಂಗಸು ನಮ್ಮ ಕಡೆ ಅರ್ಧ ಹೆಂಗಸು. ಅವ್ವ ಅಂಗೈಯ ಹಿಂಡದಿಂದ ಬಡಿದಳು, ಅದೂ ಆಗದಾದಾಗ ಲಟ್ಟಿಸಿದಳು, ಅದೂ ಆಗದಾದಾಗ ಮೂಲೆ ಸೇರಿದಳು. ಎಲ್ಲರೂ "ವಾಯು" ಎಂದರು. ಸಂತೆಯ ದಿನ ಒಬ್ಬರು ಸಣ್ಣ ಬಿಳಿ ಗುಳಿಗೆ ಕೊಡುತ್ತಿದ್ದರು. ನುಂಗಿದ ಎರಡು ದಿನಕ್ಕೇ ನೋವು ಹಾರಿ ಹೋಯಿತು. ಅವ್ವ ಎದ್ದು ಓಡಾಡಿದಳು. ಮುಖ ದುಂಡಗಾಯಿತು. "ನಿಮ್ಮವ್ವ ಮೈ ಹಿಡದಾಳಲ್ಲ" ಎಂದು ಊರವರು ಸಂತೋಷಪಟ್ಟರು. ಆ ಗುಳಿಗೆಯನ್ನು ಆಕೆ ಒಂಬತ್ತು ವರ್ಷ ನುಂಗಿದಳು.

1998ರ ಚಳಿಗಾಲದ ಒಂದು ನಸುಕಿನಲ್ಲಿ ಬಚ್ಚಲ ಕಲ್ಲಿನ ಮೇಲೆ ಬಿದ್ದು ಅವ್ವನ ಚಪ್ಪೆಯ ಎಲುಬು ಮುರಿಯಿತು. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಹೋದೆ. ಬಾಗಿಲಲ್ಲಿ ನಿಂತು ನಾನು ಆಡಿದ ಮೊದಲ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ. "ಲಕ್ಷ್ಯ ಎಲ್ಲಿತ್ತವ್ವಾ? ಎಷ್ಟ ಸಲ ಹೇಳೇನಿ, ಬಚ್ಚಲಕ್ಕ ಸಾವಕಾಶ ಹೋಗು ಅಂತ." ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಲಕ್ಷ್ಯ ಇತ್ತವ್ವಾ, ಕಾಲು ಇರಲಿಲ್ಲ" ಎಂದಳು.

ನಾಡವೈದ್ಯರು ಬಿದಿರ ದಬ್ಬೆ ಇಟ್ಟು ಕಟ್ಟು ಕಟ್ಟಿದರು. ಚಪ್ಪೆಯ ಎಲುಬು ದಬ್ಬೆಗೆ ಕೂಡುವ ಎಲುಬಲ್ಲ. ಅವ್ವ ಹದಿನಾಲ್ಕು ತಿಂಗಳು ಮಲಗಿದಳು. ಬೆನ್ನು ಹುಣ್ಣಾಯಿತು, ಕೊನೆಗೆ ಎದೆಯಲ್ಲಿ ಕಫ ಕಟ್ಟಿತು. ಅವಳಿಗಾಗ ಅರವತ್ತು. ಬಿದ್ದು ಸತ್ತಳು ಎಂದು ಜನ ಹೇಳುತ್ತಾರೆ. ಬಿದ್ದ ಮೇಲೆ ಹಾಗೇ ಮಲಗಿಸಿಟ್ಟಿದ್ದಕ್ಕೆ ಸತ್ತಳು ಎಂದು ನಾನು ಹೇಳುತ್ತೇನೆ.

2012ರಲ್ಲಿ ನನ್ನ ಗೆಣ್ಣುಗಳೂ ಬಾತವು. ಪೇಟೆಯ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ರುಮಟಾಯ್ಡ್ ಸಂಧಿವಾತ ಎಂದು ಹೆಸರು ಹೇಳಿದಾಗ, ಅವ್ವನ ರೋಗಕ್ಕೂ ಹೆಸರು ಸಿಕ್ಕಿತು. ಈ ರೋಗ ತಾಯಿಯಿಂದ ಮಗಳಿಗೆ ಆಸ್ತಿಯಂತೆ ಬಂದೇ ಬರುತ್ತದೆಂದಲ್ಲ. ಮನೆತನದಲ್ಲಿದ್ದರೆ ಬರುವ ಸಂಭವ ಹೆಚ್ಚು, ಅಷ್ಟೇ. ವಯಸ್ಸಾದಂತೆ ಮೊಣಕಾಲು ಸವೆಯುವ ಬೇನೆಗೂ ಇದಕ್ಕೂ ಬಹಳ ಅಂತರವಿದೆ. ಇಲ್ಲಿ ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಕಾವಲುಗಾರನೇ ಮನೆಗೆ ಕನ್ನ ಹಾಕಿದ ಹಾಗೆ.

ಈಗ ಮೊದಲನೆಯ ಕಲ್ಲಿಗೆ ಬರುತ್ತೇನೆ. "ಲಕ್ಷ್ಯ ಎಲ್ಲಿತ್ತು?"

ಗೆಳತಿಯರೇ, ಈ ರೋಗವಿರುವವಳು ಹೇಗೆ ಬೀಳುತ್ತಾಳೆ ಎಂಬುದನ್ನು ಒಂದು ಬೆಳಗಿನ ಲೆಕ್ಕದಲ್ಲಿ ಹೇಳುತ್ತೇನೆ, ಕೇಳಿ. ನಸುಕಿನ ಐದು ಗಂಟೆ. ಎಚ್ಚರಾಗಿದೆ, ಆದರೆ ಮೈ ಎದ್ದಿಲ್ಲ. ಈ ರೋಗದಲ್ಲಿ ಬೆಳಗಿನ ಬಿಗಿತ ಒಂದು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಆದರೆ ಹೊಟ್ಟೆ, ಮೂತ್ರ ಒಂದು ತಾಸು ಕಾಯುವುದಿಲ್ಲ. ಏಳಲೇಬೇಕು. ಪಾದ ನೆಲಕ್ಕೆ ಊರಿದರೆ ಬೆಣಚುಕಲ್ಲು ಹರವಿದ ದಾರಿಯಲ್ಲಿ ಬರಿಗಾಲಲ್ಲಿ ನಡೆದಂತೆ. ಏಕೆಂದರೆ ಬೆರಳ ಬುಡದ ಸಣ್ಣ ಕೀಲುಗಳೇ ಈ ರೋಗಕ್ಕೆ ಮೊದಲ ತುತ್ತು. ನೋವು ತಪ್ಪಿಸಲು ಪಾದ ತಾನಾಗಿ ಓರೆಯಾಗುತ್ತದೆ. ಬೆರಳುಗಳು ಡೊಂಕಾಗಿ ಮೇಲೇಳುವುದಿಲ್ಲ. ನಾನು ಕಾಲು ಎತ್ತಿದ್ದೇನೆ ಎಂದುಕೊಳ್ಳುತ್ತೇನೆ, ಅದು ಅರ್ಧವೇ ಎದ್ದಿರುತ್ತದೆ. ಹೊಸ್ತಿಲು ಉಳಿದರ್ಧವನ್ನು ಹಿಡಿದುಕೊಳ್ಳುತ್ತದೆ.

ಎಲ್ಲರೂ ಎಡವುತ್ತಾರೆ. ಎಡವಿದವರೆಲ್ಲ ಬೀಳುವುದಿಲ್ಲ. ಗಟ್ಟಿಮುಟ್ಟಾದವರ ಇನ್ನೊಂದು ಕಾಲು ಥಟ್ಟನೆ ಮುಂದೆ ಬರುತ್ತದೆ, ತೊಡೆ ಭಾರ ಹೊರುತ್ತದೆ, ಕೈ ಬಾಗಿಲ ಚೌಕಟ್ಟು ಹಿಡಿಯುತ್ತದೆ. ನಮ್ಮ ಇನ್ನೊಂದು ಕಾಲಿನ ಮೊಣಕಾಲೂ ಬಾತಿರುತ್ತದೆ. ನೋವಿನಿಂದ ಬಳಸದೆ ತೊಡೆಯ ಸ್ನಾಯು ಕರಗಿರುತ್ತದೆ. ಕೈಯೇನೋ ಚೌಕಟ್ಟಿನ ಕಡೆ ಹೋಗುತ್ತದೆ, ಆದರೆ ಬೆರಳು ಮುಚ್ಚುವುದಿಲ್ಲ. ಎಡವುವುದಕ್ಕೂ ಬೀಳುವುದಕ್ಕೂ ನಡುವೆ ದೇವರು ಇಟ್ಟ ಮೂರು ಬೇಲಿಗಳನ್ನೂ ರೋಗ ಕಿತ್ತಿರುತ್ತದೆ. ಇದರ ಮೇಲೆ ಈ ರೋಗದ ದಣಿವು ಬೇರೆ. ರಾತ್ರಿಯಿಡೀ ಮಲಗೆದ್ದರೂ ಹೊಲದಲ್ಲಿ ದಿನವಿಡೀ ದುಡಿದು ಬಂದ ಹಾಗಿರುತ್ತದೆ. ಇಷ್ಟೆಲ್ಲ ಇದ್ದು ದಿನಕ್ಕೆ ನೂರು ಸಲ ಬೀಳದೆ ನಡೆಯುತ್ತೇವಲ್ಲ, ಆ ನೂರು ಸಲದ ಲಕ್ಷ್ಯವನ್ನು ಯಾರು ಎಣಿಸಿದ್ದಾರೆ? ನಮ್ಮಷ್ಟು ಲಕ್ಷ್ಯವಿಟ್ಟು ನೆಲ ನೋಡಿಕೊಂಡು ನಡೆಯುವವರು ಊರಲ್ಲಿ ಇನ್ನಾರೂ ಇಲ್ಲ. ಅವ್ವ ಹೇಳಿದ್ದು ಅಕ್ಷರಶಃ ನಿಜ. ಲಕ್ಷ್ಯವಿತ್ತು, ಕಾಲಿರಲಿಲ್ಲ.

ಎರಡನೆಯ ಕಲ್ಲು, "ವಯಸ್ಸಾಯಿತು."

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಈ ರೋಗದವರು 1 ಕೋಟಿ 80 ಲಕ್ಷ. ಅವರಲ್ಲಿ ಸುಮಾರು ಶೇಕಡಾ 70 ಮಂದಿ ಹೆಂಗಸರು. 55 ವರ್ಷ ದಾಟಿದವರು ಶೇಕಡಾ 55. ಗಣಿತ ಬಲ್ಲವರು ಉಳಿದದ್ದನ್ನು ಕಳೆದು ನೋಡಲಿ. ಹತ್ತಿರ ಹತ್ತಿರ ಅರ್ಧದಷ್ಟು ಜನ ಇನ್ನೂ ದುಡಿಯುವ ವಯಸ್ಸಿನವರು. ಇಂಗ್ಲೆಂಡಿನಲ್ಲಿ ಈ ರೋಗದ 535 ಜನರನ್ನು ಒಂದು ವರ್ಷ ಕಾಲ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು, ಶೇಕಡಾ 36 ಮಂದಿ, ಆ ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದರು. ಯಾರು ಬೀಳುತ್ತಾರೆ ಎಂದು ಹುಡುಕಿದಾಗ ವಯಸ್ಸಿಗೂ ಬೀಳುವುದಕ್ಕೂ ಸಂಬಂಧ ಕಾಣಲಿಲ್ಲ. ಹೆಣ್ಣು ಗಂಡು ಎಂಬ ಭೇದವೂ ಕಾಣಲಿಲ್ಲ. ಕಂಡದ್ದು ಕಾಲಿನ ಕೀಲುಗಳ ಬಾವು ಮತ್ತು ನೋವು, ದಣಿವು, ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಿಗಳು, ಹಿಂದೆ ಹಲವು ಸಲ ಬಿದ್ದಿದ್ದು, ಇಂಥವು.

ಇದರ ಅರ್ಥವೇನು? ಬೀಳುವುದು ರೋಗದ ಒಂದು ಲಕ್ಷಣ. ವಯಸ್ಸಿಗೆ ಔಷಧಿಯಿಲ್ಲ, ಆದರೆ ಬಾವಿಗೆ ಇದೆ. "ವಯಸ್ಸಾಯಿತು" ಎನ್ನುವವರು ಔಷಧಿಯಿರುವ ಕಾರಣವನ್ನು ಬದಿಗಿಟ್ಟು ಔಷಧಿಯಿಲ್ಲದ ಕಾರಣವನ್ನು ಕೈಗೆ ಕೊಡುತ್ತಾರೆ. ಅದಕ್ಕೇ ಈ ಮಾತು ಸಮಾಧಾನದಂತೆ ಕಂಡರೂ ಕಲ್ಲೇ. ಇನ್ನು ಸ್ವಯಂ ನಿವೃತ್ತಿ. ಬಿದ್ದ ಮರುದಿನವೇ ಮೊಣಕೈಗೆ ಪಟ್ಟಿ ಸುತ್ತಿಕೊಂಡು ಹೋಗಿ ಅದೇ ವರ್ಗಕ್ಕೆ ವ್ಯಾಕರಣ ಕಲಿಸಿದವಳು ನಾನು. ಬಿದ್ದದ್ದು ನನ್ನ ಕಾಲು, ನನ್ನ ಸಂಧಿ ಸಮಾಸಗಳಲ್ಲ.

ಇಲ್ಲಿ ಅವ್ವನ ಬಿಳಿ ಗುಳಿಗೆಯ ಮಾತನ್ನೂ ಹೇಳಬೇಕು, ಏಕೆಂದರೆ ಇಂದಿಗೂ ಅದನ್ನು ನುಂಗುತ್ತಿರುವ ತಾಯಂದಿರು ನಮ್ಮ ಊರುಗಳಲ್ಲಿದ್ದಾರೆ. ಅವ್ವನ ದುಂಡಗಿನ ಮುಖ, ಎರಡು ದಿನದ ಪವಾಡ ಇವನ್ನೆಲ್ಲ ಕೇಳಿದ ನನ್ನ ವೈದ್ಯರು ಅದು ಸ್ಟೀರಾಯ್ಡ್ ಎಂದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯರು ಹಾಸಿಗೆ ಹಿಡಿದ ಇಂಥ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಆ ಕೆಲಸಕ್ಕೆ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಬಹುಮಾನ ಬಂತು. ಆದರೆ ಬಹಳ ಕಾಲ ನುಂಗಿದರೆ ಈ ಔಷಧಿ ಎಲುಬನ್ನು ಟೊಳ್ಳು ಮಾಡುತ್ತದೆ, ಸ್ನಾಯುವನ್ನು ಸೊರಗಿಸುತ್ತದೆ. ವೈದ್ಯರು ಅಳೆದು ತೂಗಿ ಸ್ವಲ್ಪ ದಿನ ಕೊಟ್ಟರೆ ಅದು ಔಷಧಿ. ಹೆಸರಿಲ್ಲದ ಪೊಟ್ಟಣದಲ್ಲಿ ಒಂಬತ್ತು ವರ್ಷ ಕೊಟ್ಟರೆ ಅದು ಬಚ್ಚಲ ಕಲ್ಲಿನ ಮೇಲೆ ಒಡೆಯಲು ಕಾದಿರುವ ಮಡಕೆ. ಬಹಳ ದಿನ ನುಂಗಿದವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ವೈದ್ಯರಿಗೆ ತೋರಿಸಿ ಇಳಿಸಬೇಕು. ಅವ್ವ ಮಲಗಿದ್ದ ಕಾಲಕ್ಕೇ ರೋಗದ ಬೇರಿಗೆ ಕೈ ಹಾಕುವ ಮೆಥೊಟ್ರೆಕ್ಸೇಟ್ ಬಳಕೆಗೆ ಬಂದು ಹತ್ತು ವರ್ಷವಾಗಿತ್ತು. ನಾನು ಅದನ್ನೇ ವಾರಕ್ಕೊಂದು ದಿನ ತೆಗೆದುಕೊಳ್ಳುತ್ತೇನೆ. ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಅದೇ ವಿಷ. ಆ ಔಷಧಿ ಲಕ್ಕಲಕಟ್ಟಿಗೆ ಬರಲಿಲ್ಲ, ಬಿಳಿ ಗುಳಿಗೆ ಬಂತು.

ಮೂರನೆಯ ಕಲ್ಲು, ಗ್ರಹಚಾರ. ಇದಕ್ಕೆ ಹೆಚ್ಚು ಮಾತು ಬೇಡ. ಜಗತ್ತಿನಲ್ಲಿ ಪ್ರತಿ ವರ್ಷ ಅಂದಾಜು 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ನಮ್ಮಂಥ ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಶನಿದೇವರು ಭೂಪಟ ನೋಡಿ ಬಡವರನ್ನೇ ಹುಡುಕಿಕೊಂಡು ಬರುತ್ತಾನೆಯೇ? ದೀಪ ಹಚ್ಚುವುದಾದರೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಚ್ಚೋಣ. ರಾತ್ರಿಯಿಡೀ ಉರಿಯುವ ಒಂದು ಸಣ್ಣ ಬಲ್ಬು ಸಾಕು.

ಆದರೆ ಹೊಸ್ತಿಲ ವಿಷಯದಲ್ಲಿ ನಾನು ಮನೆಯಲ್ಲೇ ಯುದ್ಧ ಮಾಡಬೇಕಾಯಿತು. ಗಜೇಂದ್ರಗಡದ ನಮ್ಮ ಮನೆಯಲ್ಲಿ ಅಡಿಗೆಮನೆಗೂ ಬಚ್ಚಲಿಗೂ ಗೇಣೆತ್ತರದ ಹೊಸ್ತಿಲುಗಳಿದ್ದವು. ಅವನ್ನು ತೆಗೆಸೋಣ ಎಂದಾಗ ಎಂಬತ್ತರ ಹತ್ತಿರದ ನಮ್ಮ ಅತ್ತೆ, "ಹೊಸ್ತಿಲ ಕಿತ್ತಿದ್ರ ಲಕ್ಷ್ಮಿ ಹೊರಗ ಹೋಗ್ತಾಳ" ಎಂದು ಊಟ ಬಿಟ್ಟರು. ದಿನಾ ಬೆಳಿಗ್ಗೆ ಅರಿಷಿಣ ಕುಂಕುಮ ಏರಿಸುವ ಹೊಸ್ತಿಲು, ಅವರ ಸಂಕಟ ಸುಳ್ಳಲ್ಲ. "ಅತ್ತೀ, ಲಕ್ಷ್ಮಿ ಹೋಗೂದು ಆಮ್ಯಾಲೆ ನೋಡೂಣು, ಮದಲ ನನಗ ಒಳಗ ಬರಾಕ ಆಗವಲ್ದು" ಎಂದೆ. ಕೊನೆಗೆ ತಲಬಾಗಿಲ ಹೊಸ್ತಿಲು ಲಕ್ಷ್ಮಿಗೆ ಉಳಿಯಿತು, ಒಳಗಿನ ಎರಡು ಹೋದವು. ಬಚ್ಚಲಲ್ಲಿ ನುಣುಪು ಟೈಲ್ಸ್ ಕಿತ್ತು ಗರಗಸದಂತೆ ಒರಟಾದ ಕಲ್ಲು ಹಾಕಿಸಿದೆವು, ಗೋಡೆಗೆ ಸ್ಟೀಲಿನ ಪೈಪು ಕೂಡಿಸಿದೆವು. ಮೊದಲು ಕೂಡಿಸಿದ್ದು ಸಣ್ಣ ಸರಳು. ನನ್ನ ಬೆರಳು ಅದರ ಸುತ್ತ ಮುಚ್ಚಲಿಲ್ಲ. ಮತ್ತೆ ದಪ್ಪ ಪೈಪು ತರಿಸಿ, ಮುಂಗೈ ಊರಲು ಬರುವ ಎತ್ತರಕ್ಕೆ ಹಾಕಿಸಬೇಕಾಯಿತು. ಇದಕ್ಕೆಲ್ಲ ಆದ ಖರ್ಚು ಆ ವರ್ಷ ನಾವು ಕೊಂಡ ಟಿವಿಯ ಕಾಲು ಭಾಗ. ಈಗ ಆ ಪೈಪನ್ನು ನನಗಿಂತ ಹೆಚ್ಚು ಹಿಡಿಯುವವರು ನಮ್ಮ ಅತ್ತೆ. ಆ ಬಗ್ಗೆ ಅವರೂ ಮಾತಾಡುವುದಿಲ್ಲ, ನಾನೂ ಕೇಳುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮೆತ್ತಗಿನ ಕಲ್ಲು, ಅದಕ್ಕೇ ಎಲ್ಲಕ್ಕಿಂತ ಅಪಾಯದ್ದು. "ಕುಂತಲ್ಲೇ ಕುಂದ್ರು."

ಪ್ರೀತಿಯಿಂದ ಆಡುವ ಮಾತು ಇದು. ಕೇಳಿದರೆ ಕಣ್ಣು ತುಂಬಿ ಬರುತ್ತದೆ. ನಾನೂ ಒಂದು ತಿಂಗಳು ಕುಳಿತೆ. ಬಿದ್ದ ಭಯ ಬಿದ್ದ ನೋವಿಗಿಂತ ದೊಡ್ಡದು. ಶಾಲೆ ಬಿಟ್ಟರೆ ಮನೆ, ಮನೆಯಲ್ಲಿ ಕುರ್ಚಿ. ಕಾಲಕಾಲೇಶ್ವರನ ಗುಡ್ಡದ ಮೆಟ್ಟಿಲು ನೆನೆದರೇ ಬೆವರು. ತಿಂಗಳು ಕಳೆದು ಎದ್ದು ನಿಂತರೆ ತೊಡೆ ನಡುಗಿತು. ಕುಳಿತಷ್ಟೂ ಸ್ನಾಯು ಕರಗುತ್ತದೆ, ಕೀಲು ಬಿಗಿಯುತ್ತದೆ, ಎಲುಬು ಸೊರಗುತ್ತದೆ. ಆಮೇಲೆ ಎದ್ದ ದಿನ ಬಿದ್ದೇ ಬೀಳುತ್ತೇವೆ. ಆಗ "ನಾ ಹೇಳಿದ್ದಿಲ್ಲೇನು?" ಎನ್ನಲು ಎಲ್ಲರೂ ಸಿದ್ಧ. ಕೀಲುಗಳು ಬಹಳ ಬಾತು ಕಾದಿರುವಾಗ ಎರಡು ದಿನ ವಿಶ್ರಾಂತಿ ಬೇಕು, ನಿಜ. ಆದರೆ ವಿಶ್ರಾಂತಿಯೇ ಬದುಕಾಗಬಾರದು. ವಯಸ್ಸಾದವರ ಮೇಲೆ ನಡೆದ 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ, ಕಾಲಿಗೆ ಬಲ ಕೊಡುವ ಹಾಗೂ ತೋಲ ಕಲಿಸುವ ವ್ಯಾಯಾಮಗಳಿಂದ ಬೀಳುವುದು ಶೇಕಡಾ 23ರಷ್ಟು ಕಡಿಮೆಯಾಗಿತ್ತು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಅಡಿಗೆ ಕಟ್ಟೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದು, ಇಂಥವು. ನಾನು ಕುಕ್ಕರು ಸೀಟಿ ಹೊಡೆಯುವುದರೊಳಗೆ ಮುಗಿಸುತ್ತೇನೆ. ಹೊಸದಾಗಿ ಶುರು ಮಾಡುವವರು ತಮ್ಮ ವೈದ್ಯರನ್ನು ಕೇಳಿ ಮಾಡಿರಿ.

ಫ್ರಾನ್ಸಿನಲ್ಲಿ ರೆನ್ವಾರ್ ಎಂಬ ದೊಡ್ಡ ಚಿತ್ರಕಾರನಿದ್ದ. ಐವತ್ತರ ಸುಮಾರಿಗೆ ಅವನಿಗೆ ಇದೇ ರೋಗ ಬಂತು. ಕೈಬೆರಳು ಮಡಿಚಿಕೊಂಡವು, ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯೇ ಗತಿಯಾಯಿತು. ಆದರೂ 1919ರಲ್ಲಿ ಸಾಯುವವರೆಗೆ ಚಿತ್ರ ಬರೆದ. ಹೇಗೆಂದರೆ, ಕುಳಿತಲ್ಲಿಗೇ ಚಿತ್ರದ ಬಟ್ಟೆ ಮೇಲೆ ಕೆಳಗೆ ಸರಿಯುವಂತೆ ಉರುಳೆಗಳ ಮೇಲೆ ಸುತ್ತಿದ ವ್ಯವಸ್ಥೆ ಮಾಡಿದರು. ಕುಂಚವನ್ನು ಅವನ ಕೈಯಲ್ಲಿ ಇನ್ನೊಬ್ಬರು ಇಡುತ್ತಿದ್ದರು. ರೋಗ ಮಾಯವಾಗಲಿಲ್ಲ, ಸುತ್ತಲಿನ ಸಾಮಾನು ಬದಲಾಯಿತು. ಒಬ್ಬ ಚಿತ್ರಕಾರನಿಗಾಗಿ ಬಟ್ಟೆಯನ್ನೇ ಉರುಳಿಸಿದರು. ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುವವಳಿಗಾಗಿ ಹಿಟ್ಟಿನ ಡಬ್ಬಿಯನ್ನು ಮೇಲಿನ ಮಾಡದಿಂದ ಕೆಳಗಿನ ಮಾಡಕ್ಕೆ ಯಾರಾದರೂ ಇಳಿಸಿಟ್ಟಿದ್ದಾರೆಯೇ?

ಮನೆಯಾಚೆಯ ಮಾತನ್ನೂ ಆಡದಿದ್ದರೆ ಯಜಮಾನರೊಬ್ಬರನ್ನೇ ದೂರಿದಂತಾಗುತ್ತದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಬಹಳ ಒಳ್ಳೆಯ ಕೆಲಸ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಇನ್ನೂ ನನ್ನ ಮೊಣಕಾಲಿನ ಮಟ್ಟಕ್ಕೇ ಇದೆ. ಒಂದು ಕಾಲು ಮೇಲಿಟ್ಟು ಇನ್ನೊಂದನ್ನು ಎಳೆದುಕೊಳ್ಳುವಷ್ಟರಲ್ಲಿ, "ಲಗೂನ ಹತ್ತಬೇ ಯವ್ವಾ" ಎಂಬ ಕೂಗು, ಜತೆಗೇ ಸೀಟಿ. ಟಿಕೆಟ್ಟಿಗೆ ಕೊಡುವ ದುಡ್ಡು ಉಳಿಯಿತು, ಎಲುಬಿಗೆ ಖರ್ಚಾಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಕಟ್ಟಡಗಳೂ ವಾಹನಗಳೂ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುತ್ತದೆ. ಇರುವ ಕಟ್ಟಡಗಳನ್ನು ಐದು ವರ್ಷದೊಳಗೆ ಹಾಗೆ ಮಾಡಬೇಕೆಂದು ಗಡುವನ್ನೂ ಕೊಟ್ಟಿತ್ತು. ಆ ಗಡುವು ಎಂದೋ ಮುಗಿದಿದೆ. ಆ ಕಾಯ್ದೆಯ 21 ಬಗೆಯ ಅಂಗವೈಕಲ್ಯದ ಪಟ್ಟಿಯಲ್ಲಿ ನಮ್ಮ ರೋಗದ ಹೆಸರಿಲ್ಲ. ಕೈಕಾಲು ಸಾಕಷ್ಟು ಸೊಟ್ಟಗಾದ ಮೇಲೆ ಚಲನೆಯ ವೈಕಲ್ಯ ಎಂಬ ಸಾಲಿನಲ್ಲಿ ನಿಂತು ಸರ್ಟಿಫಿಕೇಟು ಕೇಳಬೇಕು. ನಮ್ಮ ಶಾಲೆಯಲ್ಲಿ ಒಂದು ಇಳಿಜಾರು ದಾರಿ ಕಟ್ಟಿಸಿದ್ದಾರೆ. ನಾನು ಬಿದ್ದ ದಿನ ಅದರ ಮೇಲೆ ಮುರಿದ ಬೆಂಚುಗಳನ್ನು ಒಟ್ಟಿದ್ದರು.

ನನಗಾದರೂ ಸಂಬಳವಿದೆ, ರಜೆಯಿದೆ. ನಮ್ಮೂರ ನೇಕಾರರ ಓಣಿಯಲ್ಲಿ ಕುಣಿಮಗ್ಗದಿಂದ ಮೇಲೇಳಲಾಗದೆ ಜೋಲಿ ಹೊಡೆಯುವ ಹೆಂಗಸಿಗೆ, ಶೇಂಗಾದ ಹೊಲದಲ್ಲಿ ಬದುವಿನ ಮೇಲೆ ಬಿದ್ದವಳಿಗೆ ಅಂದಿನ ಕೂಲಿಯೂ ಹೋಗುತ್ತದೆ. ಅವಳಿಗೆ "ನೋಡಿ ನಡೀಬಾರದಾ" ಎನ್ನುವವರು ಎಷ್ಟು ಜನ!

ಕೊನೆಯದಾಗಿ ನಮ್ಮದೇ ತಪ್ಪು. ಆ ಜುಲೈಗಿಂತ ಮೊದಲು ಒಂದೇ ವರ್ಷದಲ್ಲಿ ಮೂರು ಸಲ ಮನೆಯಲ್ಲಿ ಬಿದ್ದಿದ್ದೆ. ಯಾರಿಗೂ ಹೇಳಿರಲಿಲ್ಲ. ಕೋಲು ಹಿಡಿಯಲು ನಾಚಿಕೆಯಾಗಿ ಮಳೆಯಿಲ್ಲದ ಬೇಸಿಗೆಯಲ್ಲೂ ಛತ್ರಿ ಊರಿಕೊಂಡು ಶಾಲೆಗೆ ಹೋಗುತ್ತಿದ್ದೆ. ಹುಬ್ಬಳ್ಳಿಯ ವೈದ್ಯರ ಮುಂದೆ ನೋವು ಹೇಳುತ್ತಿದ್ದೆ, ಬಾವು ತೋರಿಸುತ್ತಿದ್ದೆ. ಬಿದ್ದದ್ದನ್ನು ಮಾತ್ರ ಮುಚ್ಚಿಡುತ್ತಿದ್ದೆ, ಅದೇನೋ ಕಳ್ಳತನ ಮಾಡಿದವಳಂತೆ. ಅವರೂ ಕೇಳಿರಲಿಲ್ಲ. ಶಾಲೆಯಲ್ಲಿ ಬಿದ್ದ ಮೇಲೆ ಜತೆಗೆ ಬಂದ ಮಗಳು ಬಾಯಿ ಬಿಟ್ಟಳು. ವೈದ್ಯರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಾಲು, ತಲೆ ತಿರುಗಿತೇ, ಕೈಕಾಲು ಜೋಮು ಹಿಡಿಯುತ್ತವೆಯೇ ಎಂದೆಲ್ಲ ಕೇಳಿದರು. ಈ ರೋಗ ಕುತ್ತಿಗೆಯ ಮೇಲಿನ ಕೀಲನ್ನೂ ಸಡಿಲಿಸಬಹುದು, ಅದಕ್ಕೆ ಜೋಮಿನ ಪ್ರಶ್ನೆ. ಹಿಮ್ಮಡಿಯ ಕೀಲು ಬಾತಿದ್ದು ಕಂಡಿತು. ನಿದ್ದೆ ಬರಲೆಂದು ನಾನೇ ಅಂಗಡಿಯಿಂದ ತರಿಸಿಕೊಳ್ಳುತ್ತಿದ್ದ ಗುಳಿಗೆ ಹೊರಬಿತ್ತು. ಅದನ್ನು ಬಿಡಿಸಿದರು. ಔಷಧಿಯ ಪ್ರಮಾಣ ಬದಲಿಸಿದರು, ಎಲುಬಿನ ಸಾಂದ್ರತೆ ನೋಡಿಸಿದರು, ತೆಳು ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿಯಿರುವ, ಅಗಲ ಮೂತಿಯ ಚಪ್ಪಲಿ ಹೇಳಿದರು. ಅಂದಿನಿಂದ ಬಿದ್ದೇ ಇಲ್ಲ ಎಂದರೆ ಸುಳ್ಳಾದೀತು. ಒಮ್ಮೆ ಬಿದ್ದಿದ್ದೇನೆ. ವರ್ಷಕ್ಕೆ ನಾಲ್ಕರಿಂದ ಇಷ್ಟಕ್ಕೆ ಇಳಿಯಿತು. ಇಷ್ಟು ಸುಲಭದ ಪ್ರಶ್ನೆಗಳನ್ನು ಹತ್ತು ವರ್ಷ ಯಾರೂ ಕೇಳಲಿಲ್ಲ, ನಾನೂ ಉತ್ತರ ಕೊಡಲಿಲ್ಲ.

ಆದ್ದರಿಂದ ತಾಯಂದಿರೇ, ಅಕ್ಕತಂಗಿಯರೇ, ಬಿದ್ದದ್ದನ್ನು ಮುಚ್ಚಿಡಬೇಡಿ. ಜ್ವರ ಬಂದದ್ದನ್ನು ಹೇಳುವಂತೆ ಹೇಳಿ. ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಊರಿನ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುವವರು, ಸಕ್ಕರೆ ನೋಡುವವರು "ಈ ವರ್ಷ ಬಿದ್ದೀರೇನವ್ವಾ?" ಎಂದು ಇನ್ನೊಂದು ಮಾತು ಕೇಳಲಿ. ಅದಕ್ಕೆ ಯಾವ ಯಂತ್ರವೂ ಬೇಡ. ಮಗಳು, ಸೊಸೆ, ಮಗ, ಗಂಡ ಯಾರೇ ಇರಲಿ, ಮನೆಯಲ್ಲಿ ಒಬ್ಬಳು ಬಿದ್ದಾಗ ನಾನು 1998ರಲ್ಲಿ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಆಡಬೇಡಿ. ಎಂಟನೆಯ ವರ್ಗದ ಆ ಹುಡುಗಿ ಕೇಳಿದ್ದನ್ನೇ ಕೇಳಿ: "ಭಾಳ ಪೆಟ್ಟು ಹತ್ತೇತೇನು?" ಆಮೇಲೆ ಅವಳ ಕಾಲನ್ನೂ ಅವಳು ಎಡವಿದ ಜಾಗವನ್ನೂ ಒಟ್ಟಿಗೆ ನೋಡಿ.

ಶಾಲೆಯ ಆ ಇಳಿಜಾರಿನ ಬೆಂಚುಗಳನ್ನು ಮೊನ್ನೆ ತೆಗೆಸಿದ್ದಾಯಿತು. ನಾಲ್ಕು ಸಲ ಅರ್ಜಿ ಬರೆದೆ. ನಾಲ್ಕನೆಯದಕ್ಕೆ ಎಂಟನೆಯ ವರ್ಗದ ಮಕ್ಕಳೂ ಸಹಿ ಹಾಕಿದರು. ಆ ಒಂದು ಮೆಟ್ಟಿಲು ಇನ್ನೂ ಹಾಗೇ ಇದೆ. ಐದನೆಯ ಅರ್ಜಿ ಅದರ ಮೇಲೆ.